ಊರು ಬಿಡುವ ಹರೆಯ, ಊರಲ್ಲೇ ಉಳಿಯುವ ಹರೆಯ: ಸಿನಿಮಾದಲ್ಲಿ ಸಲಿಂಗಿ ಹದಿಹರೆಯದವರು

ಹದಿಹರೆಯದ ಕಥೆ ಹೇಳುವ ಸಿನಿಮಾಕ್ಕೆ ಸವೆದ ದಾರಿಯೊಂದಿದೆ: ಶಾಲೆ, ಜೀವದ ಗೆಳೆಯ, ಮೊದಲ ಪ್ರೀತಿ, ಅಪ್ಪನೊಡನೆ ಮುನಿಸು, ಕೊನೆಗೆ ಊರು ದಾಟುವ ಬಸ್ಸು. ಸಲಿಂಗಿ ಹುಡುಗನನ್ನೋ ಹುಡುಗಿಯನ್ನೋ ನಡುವೆ ನಿಲ್ಲಿಸಿಕೊಂಡ ಚಿತ್ರಗಳೂ ಇದೇ ದಾರಿಯಲ್ಲಿ ನಡೆದಿವೆ. ಉಳಿದ ಮಕ್ಕಳು ತಮಗೆ ಯಾರ ಮೇಲೆ ಮನಸ್ಸಾಗಿದೆ ಎಂಬುದನ್ನು ಮುಚ್ಚಿಟ್ಟರೆ ಸಾಕು. ಈ ಮಕ್ಕಳು ಮನಸ್ಸು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೇ ಮನೆಯವರಿಂದ, ಮೇಷ್ಟರಿಂದ, ಕೆಲವೊಮ್ಮೆ ತಮ್ಮಿಂದಲೇ ಮುಚ್ಚಿಡಬೇಕಾಗುತ್ತದೆ. ಆ ಗುಟ್ಟಿಗೆ ಕಥೆ ಕೊನೆಯಲ್ಲಿ ಏನು ಗತಿ ಕಾಣಿಸುತ್ತದೆ ಎಂಬುದರ ಮೇಲೆ ಚಿತ್ರದ ಯೋಗ್ಯತೆ ನಿಂತಿದೆ. ಬಹುಕಾಲ ಸಿನಿಮಾ ಕೊಟ್ಟ ಉತ್ತರ ಎರಡೇ: ಮಗು ಸಾಯಬೇಕು, ಇಲ್ಲವೇ ಊರು ಬಿಡಬೇಕು. ಹುಟ್ಟಿದ ಊರಲ್ಲೇ ಇದ್ದು ದೊಡ್ಡವರಾಗುವ ಸಲಿಂಗಿ ಮಕ್ಕಳ ಕಥೆ ವಿರಳ. ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಯಲ್ಲಿ ನಿಂತು ನೋಡಿದಾಗ ಈ ಕೊರತೆಯೇ ಮೊದಲು ಕಣ್ಣಿಗೆ ಬೀಳುತ್ತದೆ.

ಈ ಬಗೆಯ ಚಿತ್ರಗಳಲ್ಲಿ ಆರಂಭದ ಹೆಸರಾಂತ ಉದಾಹರಣೆ ಜರ್ಮನಿಯ ‘ಮೆಡ್ಚೆನ್ ಇನ್ ಉನಿಫಾರ್ಮ್’ (1931). ಕ್ರಿಸ್ಟಾ ವಿನ್ಸ್ಲೋ ಅವರ ನಾಟಕವನ್ನು ಆಧರಿಸಿ ಲಿಯೊಂಟೀನೆ ಸಾಗನ್ ನಿರ್ದೇಶಿಸಿದ ಈ ಚಿತ್ರದ ಪಾತ್ರವರ್ಗದಲ್ಲಿ ಗಂಡಸರೇ ಇಲ್ಲ. ಶಿಸ್ತಿನ ವಸತಿಶಾಲೆಗೆ ಬಂದ ಮಾನ್ಯುವೆಲಾ ಎಂಬ ಹುಡುಗಿ ತನ್ನ ಶಿಕ್ಷಕಿಯನ್ನು ಮನಸಾರೆ ಮೆಚ್ಚುತ್ತಾಳೆ, ಅದನ್ನು ಎಲ್ಲರೆದುರು ಹೇಳಿಯೂ ಬಿಡುತ್ತಾಳೆ. ಮುಖ್ಯಸ್ಥೆಯ ಶಿಕ್ಷೆ ತಾಳಲಾರದೆ ಮಹಡಿ ಮೆಟ್ಟಿಲ ಮೇಲಿಂದ ಬೀಳಲು ಹೊರಟವಳನ್ನು ಸಹಪಾಠಿಗಳು ಓಡಿಬಂದು ಹಿಡಿದುಕೊಳ್ಳುತ್ತಾರೆ. ಹುಡುಗಿಯನ್ನು ಉಳಿಸಿದ್ದು ವೈದ್ಯರಲ್ಲ, ಪಾದ್ರಿಯಲ್ಲ, ಅವಳ ವಯಸ್ಸಿನ ಗೆಳತಿಯರು. ಇಷ್ಟು ಹಿಂದೆಯೇ ಸಾಧ್ಯವಾಗಿದ್ದ ಈ ಮುಗಿತಾಯ ಆಮೇಲೆ ದಶಕಗಟ್ಟಲೆ ಮರೆತುಹೋಯಿತು.

ಮರೆವಿಗೆ ಒಂದು ಕಾರಣ ಹಾಲಿವುಡ್ಡಿನ ನಿರ್ಮಾಣ ಸಂಹಿತೆ. 1934ರಿಂದ ಬಿಗಿಯಾಗಿ ಜಾರಿಗೆ ಬಂದ ಈ ನಿಯಮಾವಳಿ ಸಲಿಂಗ ಪ್ರೇಮದ ಸುಳಿವನ್ನೂ ತೆರೆಗೆ ತರಗೊಡಲಿಲ್ಲ. ವಿನ್ಸೆಂಟ್ ಮಿನೆಲ್ಲಿ ನಿರ್ದೇಶನದ ‘ಟೀ ಆ್ಯಂಡ್ ಸಿಂಪಥಿ’ (1956) ಅದರ ಫಲ. ಹಾಸ್ಟೆಲಿನ ಹುಡುಗ ಟಾಮ್ ಲೀ ಹೆಂಗಸರ ಜೊತೆ ಕುಳಿತು ಹೊಲಿಗೆ ಹಾಕುತ್ತಾನೆ, ಆಟಕ್ಕೆ ಬರುವುದಿಲ್ಲ, ನಡಿಗೆ ಮೆದು. ಅಷ್ಟಕ್ಕೇ ಹುಡುಗರು ಅವನ ಬೆನ್ನು ಹತ್ತುತ್ತಾರೆ. ಅವನು ‘ಅಂಥವನಲ್ಲ’ ಎಂದು ಸಾಬೀತು ಮಾಡುವುದರಲ್ಲೇ ಚಿತ್ರ ಮುಗಿಯುತ್ತದೆ, ಹೆಣ್ಣೊಬ್ಬಳ ಕರುಣೆ ಅವನನ್ನು ‘ಸರಿ’ ಮಾಡುತ್ತದೆ. ಕಾರಣವನ್ನು ಮುಚ್ಚಿಟ್ಟರೂ ಕಾಟವನ್ನು ಮಾತ್ರ ಚಿತ್ರ ಸರಿಯಾಗಿ ಕಂಡಿದೆ. ನಮ್ಮ ಶಾಲೆಯಂಗಳದಲ್ಲಿ ‘ಒಂಬತ್ತು’ ಎಂದು ಕೂಗಿಸಿಕೊಂಡು ಬೆಳೆದವರಿಗೆ ಆ ದೃಶ್ಯಗಳು ಅರ್ಥವಾಗಲು ಇಂಗ್ಲಿಷ್ ಬರಬೇಕಿಲ್ಲ.

ತಿರುವು ಬಂದದ್ದು ತೊಂಬತ್ತರ ದಶಕದಲ್ಲಿ, ಅದೂ ಸಣ್ಣ ಬಜೆಟ್ಟಿನ ಎರಡು ಚಿತ್ರಗಳಿಂದ. ಬ್ರಿಟನ್ನಿನ ‘ಬ್ಯೂಟಿಫುಲ್ ಥಿಂಗ್’ (1996) ಲಂಡನ್ನಿನ ಥೇಮ್ಸ್‌ಮೀಡ್ ಎಂಬ ಕೆಲಸಗಾರರ ವಸತಿ ಸಮುಚ್ಚಯದಲ್ಲಿ ನಡೆಯುತ್ತದೆ. ಜೇಮಿ ಮತ್ತು ಸ್ಟೀ ಅಕ್ಕಪಕ್ಕದ ಮನೆಯ ಹುಡುಗರು. ಸ್ಟೀಯ ಮನೆಯಲ್ಲಿ ಹೊಡೆತ, ಜೇಮಿಯ ತಾಯಿ ಪಬ್ಬಿನಲ್ಲಿ ದುಡಿಯುವವಳು. ಜೋನಾಥನ್ ಹಾರ್ವಿ ಬರೆದ, ಹೆಟ್ಟಿ ಮ್ಯಾಕ್ಡೊನಾಲ್ಡ್ ನಿರ್ದೇಶಿಸಿದ ಈ ಕಥೆಯ ಕೊನೆಗೆ ಹುಡುಗರು ಎಲ್ಲಿಗೂ ಓಡಿಹೋಗುವುದಿಲ್ಲ. ತಮ್ಮದೇ ವಠಾರದ ಅಂಗಳದಲ್ಲಿ, ನೆರೆಹೊರೆಯವರು ಬಾಲ್ಕನಿಯಿಂದ ನೋಡುತ್ತಿರುವಾಗ, ಕೈ ಹಿಡಿದು ಕುಣಿಯುತ್ತಾರೆ. ಶಾಲೆಗಳಲ್ಲಿ ಸಲಿಂಗ ಪ್ರೇಮವನ್ನು ‘ಉತ್ತೇಜಿಸ’ಬಾರದೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದ 1988ರ ಸೆಕ್ಷನ್ 28 ಆಗಿನ್ನೂ ಅಲ್ಲಿ ಜಾರಿಯಲ್ಲಿತ್ತು ಎಂಬುದನ್ನು ನೆನೆದರೆ ಆ ಕುಣಿತದ ಧೈರ್ಯ ತಿಳಿಯುತ್ತದೆ.

ಲುಕಾಸ್ ಮೂಡಿಸನ್ ಅವರ ಸ್ವೀಡಿಶ್ ಚಿತ್ರ ‘ಶೋ ಮಿ ಲವ್’ (1998) ನಡೆಯುವುದು ಓಮೋಲ್ ಎಂಬ ಪುಟ್ಟ ಪಟ್ಟಣದಲ್ಲಿ. ‘ಈ ಊರಲ್ಲಿ ಏನೂ ಆಗುವುದಿಲ್ಲ’ ಎಂಬುದೇ ಎಲಿನ್ ಎಂಬ ಹುಡುಗಿಯ ಗೋಳು. ಅವಳನ್ನು ಗುಟ್ಟಾಗಿ ಪ್ರೀತಿಸುವ ಆಗ್ನೆಸ್ ಊರಿಗೆ ಹೊಸಬಳು, ಗೆಳೆಯರಿಲ್ಲದವಳು. ಕೊನೆಯಲ್ಲಿ ಇಬ್ಬರೂ ಶಾಲೆಯ ಶೌಚಾಲಯದ ಬಾಗಿಲು ತೆರೆದು, ಹೊರಗೆ ಗುಂಪುಗಟ್ಟಿದ ಸಹಪಾಠಿಗಳ ನಡುವೆ ನಡೆದುಹೋಗುತ್ತಾರೆ. ಶಾಲೆಯಲ್ಲಿ ಮುಂದೆ ಏನಾಯಿತೆಂದು ಚಿತ್ರ ಹೇಳುವುದಿಲ್ಲ. ನಾಳೆಯೂ ಅದೇ ಶಾಲೆ, ಅದೇ ಹುಡುಗರು. ಬೇಸರ ಹುಟ್ಟಿಸುವ ಸಣ್ಣ ಊರನ್ನು ಬಿಡದೆಯೂ ಹರೆಯ ಒಂದು ಘಟ್ಟ ದಾಟಬಹುದೆಂದು ಇಷ್ಟು ಸರಳವಾಗಿ ತೋರಿಸಿದ ಚಿತ್ರಗಳು ಕಡಿಮೆ.

ಹೊಸ ಶತಮಾನದ ಪ್ರಸಿದ್ಧ ಚಿತ್ರಗಳು ಕನ್ನಡದ ಪ್ರೇಕ್ಷಕರಿಗೂ ಫೋನಿನ ಮೂಲಕ ತಲುಪಿವೆ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬ್ಯಾರಿ ಜೆಂಕಿನ್ಸ್ ಅವರ ‘ಮೂನ್‌ಲೈಟ್’ (2016) ಮಯಾಮಿಯ ಬಡ ಕಪ್ಪು ಹುಡುಗನೊಬ್ಬನನ್ನು ಬಾಲ್ಯ, ಹರೆಯ, ಯೌವನ ಎಂಬ ಮೂರು ಭಾಗಗಳಲ್ಲಿ ಹಿಂಬಾಲಿಸಿ ಶ್ರೇಷ್ಠ ಚಿತ್ರದ ಆಸ್ಕರ್ ಗೆದ್ದಿತು. ‘ಕಾಲ್ ಮಿ ಬೈ ಯುವರ್ ನೇಮ್’ (2017) ಇಟಲಿಯ ಬೇಸಿಗೆಯ ಕಥೆ. ಅದರಲ್ಲಿ ಮಗನ ನೋವನ್ನು ಅರಿತು ಮಾತಾಡುವ ತಂದೆ ಬಹಳ ಮಂದಿಗೆ ಕನಸಿನ ತಂದೆಯಾಗಿ ಕಂಡ. ಅಂಥ ಓದು, ಅಂಥ ತೋಟದ ಮನೆ ಎಷ್ಟು ಮಕ್ಕಳಿಗಿದೆ ಎಂಬ ಪ್ರಶ್ನೆ ಬೇರೆ. ‘ಲವ್, ಸೈಮನ್’ (2018) ದೊಡ್ಡ ಹಾಲಿವುಡ್ ಸ್ಟುಡಿಯೊ ಸಲಿಂಗಿ ಹುಡುಗನ ಪ್ರೇಮಕ್ಕೆ ಮಾಮೂಲಿ ಹದಿಹರೆಯದ ಪ್ರೇಮಚಿತ್ರದ ಸಿಹಿ ಲೇಪ ಕೊಟ್ಟ ಮೊದಲ ಯತ್ನ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇನ್ನೆರಡು ಚಿತ್ರಗಳ ಬಳಿ. ಬೆಲ್ಜಿಯಮ್ಮಿನ ಲುಕಾಸ್ ಡೋಂಟ್ ಅವರ ‘ಕ್ಲೋಸ್’ 2022ರ ಕಾನ್ ಚಿತ್ರೋತ್ಸವದಲ್ಲಿ ಗ್ರ್ಯಾಂಡ್ ಪ್ರಿ ಪಡೆಯಿತು. ಹದಿಮೂರರ ಲಿಯೊ ಮತ್ತು ರೆಮಿ ಹೂವಿನ ಹೊಲಗಳಲ್ಲಿ ಓಡುವ, ಒಂದೇ ಹಾಸಿಗೆಯಲ್ಲಿ ಮಲಗುವ ಗೆಳೆಯರು. ಹೊಸ ಶಾಲೆಯಲ್ಲಿ ಒಬ್ಬಳು ‘ನೀವಿಬ್ಬರೂ ಜೋಡಿಯಾ?’ ಎಂದು ಕೇಳುತ್ತಾಳೆ. ಕೆಟ್ಟ ಉದ್ದೇಶದ ಪ್ರಶ್ನೆಯಲ್ಲ ಅದು. ಆದರೆ ಅಂದಿನಿಂದ ಲಿಯೊ ಗೆಳೆಯನಿಂದ ಒಂದೊಂದೇ ಅಂಗುಲ ಸರಿಯುತ್ತಾನೆ, ಐಸ್ ಹಾಕಿ ಸೇರುತ್ತಾನೆ, ಗಂಡುತನದ ಹೆಲ್ಮೆಟ್ ತೊಡುತ್ತಾನೆ. ರೆಮಿ ಪ್ರಾಣ ಕಳೆದುಕೊಳ್ಳುತ್ತಾನೆ. ಹುಡುಗರು ಸಲಿಂಗಿಗಳೇ ಎಂದು ಚಿತ್ರ ತೀರ್ಮಾನಿಸುವುದೇ ಇಲ್ಲ. ತೀರ್ಮಾನಿಸುವ ಆತುರವೇ ಏನು ಮಾಡಿತೆಂದು ಮಾತ್ರ ತೋರಿಸುತ್ತದೆ. ಇಷ್ಟು ಸೂಕ್ಷ್ಮ ಚಿತ್ರವೂ ಕೊನೆಗೆ ಒಂದು ಮಗುವಿನ ಸಾವಿಗೇ ಮೊರೆಹೋಯಿತು ಎಂಬ ಆಕ್ಷೇಪಕ್ಕೆ ಅವಕಾಶವಿದೆ, ಅದು ನ್ಯಾಯವಾದದ್ದೂ ಹೌದು.

ಹಿರೊಕಾಜು ಕೊರೆ-ಎಡಾ ಅವರ ಜಪಾನಿ ಚಿತ್ರ ‘ಮಾನ್ಸ್ಟರ್’ (2023) ಇನ್ನೂ ಜಾಣತನದ್ದು. ಯುಜಿ ಸಕಾಮೊಟೊ ಬರೆದ ಇದರ ಚಿತ್ರಕಥೆಗೆ ಕಾನ್‌ನಲ್ಲಿ ಪ್ರಶಸ್ತಿ ಬಂತು. ಒಂದೇ ಘಟನಾವಳಿಯನ್ನು ಮೊದಲು ತಾಯಿಯ ಕಣ್ಣಿನಿಂದ, ಆಮೇಲೆ ಮೇಷ್ಟರ ಕಣ್ಣಿನಿಂದ, ಕಡೆಗೆ ಮಗುವಿನ ಕಣ್ಣಿನಿಂದ ತೋರಿಸುತ್ತದೆ. ತಾಯಿಗೆ ಮೇಷ್ಟರು ರಾಕ್ಷಸ, ಮೇಷ್ಟರಿಗೆ ಮಿನಾಟೊ ಎಂಬ ಹುಡುಗ ಪುಂಡ. ಮಿನಾಟೊ ಮತ್ತು ಅವನ ಸಹಪಾಠಿ ಯೊರಿಯ ಸರದಿ ಬಂದಾಗ ತಿಳಿಯುವುದೇನೆಂದರೆ, ಹರೆಯದ ಹೊಸ್ತಿಲಲ್ಲಿರುವ ಇಬ್ಬರು ಹುಡುಗರು ತಮಗೇ ಹೆಸರು ಗೊತ್ತಿಲ್ಲದ ಮಮತೆಯನ್ನು ಕಾಪಾಡಿಕೊಳ್ಳಲು ಸುಳ್ಳುಗಳ ಮೇಲೆ ಸುಳ್ಳು ಕಟ್ಟಿದ್ದರು. ‘ನೀನು ಬೆಳೆದು ಮದುವೆಯಾಗಿ ಸಂಸಾರ ಮಾಡಿದರೆ ಸಾಕು’ ಎಂಬಂಥ ತಾಯಿಯ ಹಾರೈಕೆಯೇ ಮಿನಾಟೊನ ಎದೆಗೆ ಕಲ್ಲಾಗುತ್ತದೆ. ಪ್ರೀತಿಯಿಂದ ಆಡಿದ ಮಾತು ಗಾಯ ಮಾಡುವ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಹಿಡಿದ ಚಿತ್ರ ಸಿಗುವುದು ಕಷ್ಟ.

ಈ ಚಿತ್ರಗಳನ್ನು ಕೊಳ್ಳೇಗಾಲದ ಕಡೆಯ ಪ್ರೇಕ್ಷಕ ನೋಡುವಾಗ ಒಂದು ಎಡವಟ್ಟು ಎದುರಾಗುತ್ತದೆ. ಮಾದಪ್ಪನ (ಮಲೆ ಮಹದೇಶ್ವರನ) ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟ ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆಯುತ್ತಾರೆ, ದಾರಿಯಲ್ಲಿ ಒಂದೇ ಹೊದಿಕೆಯಡಿ ಮಲಗುತ್ತಾರೆ. ಯಾರೂ ‘ನೀವು ಜೋಡಿಯಾ’ ಎಂದು ಕೇಳುವುದಿಲ್ಲ. ಯುರೋಪಿನ ಚಿತ್ರದಲ್ಲಿ ಬಿಕ್ಕಟ್ಟು ಶುರುವಾಗುವ ಸ್ಪರ್ಶ ಇಲ್ಲಿ ಸಂಜೆಯ ಮಾಮೂಲು ನೋಟ. ಇದನ್ನು ಉದಾರತೆ ಎಂದು ಹಿಗ್ಗುವವರಿದ್ದಾರೆ, ಅದು ಅವಸರದ ಹಿಗ್ಗು. ಗಂಡು ಗಂಡಿನ ಸಲುಗೆಯನ್ನು ಯಾರೂ ಗಮನಿಸದಿರುವುದು ಆಸರೆಯೂ ಹೌದು, ಅಳಿಸಿಹಾಕುವುದೂ ಹೌದು. ಇಲ್ಲಿ ಬಿಕ್ಕಟ್ಟು ಬರುವುದು ತಡವಾಗಿ, ‘ಹೆಣ್ಣು ನೋಡಕ್ಕೆ ಯಾವಾಗ ಹೋಗದು’ ಎಂದು ಮನೆಯಲ್ಲಿ ಮಾತು ಎದ್ದಾಗ. ಹುಡುಗಿಯಾದರೆ ಆ ಮಾತು ಇನ್ನೂ ಬೇಗ ಏಳುತ್ತದೆ. ಪಾಶ್ಚಾತ್ಯ ಚಿತ್ರಗಳ ತಿರುವು ಶಾಲೆಯ ಮೊಗಸಾಲೆಯಲ್ಲಿ ಬಂದರೆ ಭಾರತೀಯ ಚಿತ್ರಗಳ ತಿರುವು ಮದುವೆಯ ಚಪ್ಪರದಲ್ಲಿ ಬರುವುದಕ್ಕೆ ಕಾರಣ ಇದೇ.

ಚಪ್ಪರದ ಆ ತಿರುವನ್ನು ದಕ್ಷಿಣದಲ್ಲಿ ಮೊದಲು ಗಂಭೀರವಾಗಿ ತೆಗೆದುಕೊಂಡದ್ದು ಮಲಯಾಳಂ. ಮೋಹನ್ ನಿರ್ದೇಶನದ ‘ರಂಡು ಪೆಣ್‌ಕುಟ್ಟಿಗಳ್’ (1978) ವಿ.ಟಿ. ನಂದಕುಮಾರ್ ಅವರ ಕಾದಂಬರಿಯನ್ನು ಆಧರಿಸಿತ್ತು. ಪದ್ಮರಾಜನ್ ಅವರ ‘ದೇಶಾಡನಕ್ಕಿಳಿ ಕರಯಾರಿಲ್ಲ’ (1986) ಶಾಲೆಯ ಪ್ರವಾಸದಿಂದ ತಪ್ಪಿಸಿಕೊಂಡು ಓಡಿಹೋಗುವ ನಿಮ್ಮಿ ಮತ್ತು ಸ್ಯಾಲಿಯ ಕಥೆ. ಅವರ ನಂಟಿಗೆ ಚಿತ್ರ ಯಾವ ಹೆಸರನ್ನೂ ಇಡುವುದಿಲ್ಲ, ಕೊನೆಗೆ ಇಬ್ಬರನ್ನೂ ಸಾವಿಗೆ ಒಪ್ಪಿಸುತ್ತದೆ. ಲಿಜಿ ಪುಲ್ಲಪ್ಪಳ್ಳಿ ಅವರ ‘ಸಂಚಾರಂ’ (2004) ಈ ಪರಂಪರೆಗೆ ಬೇಕೆಂದೇ ಕೊಟ್ಟ ಮರುಜವಾಬಿನಂತಿದೆ. ಹಳ್ಳಿಯಲ್ಲಿ ಒಟ್ಟಿಗೆ ಬೆಳೆದ ಕಿರಣ್ ಮತ್ತು ಡಿಲೈಲಾರ ಪ್ರೀತಿ ಬಯಲಾದಾಗ ಡಿಲೈಲಾಳ ಮದುವೆಯನ್ನು ಅವಸರದಲ್ಲಿ ಗೊತ್ತುಮಾಡುತ್ತಾರೆ. ಜಲಪಾತದ ಅಂಚಿಗೆ ಹೋಗಿ ನಿಂತ ಕಿರಣ್ ಹಾರುವುದಿಲ್ಲ. ಕೂದಲು ಕತ್ತರಿಸಿಕೊಂಡು ಬದುಕಿನ ಕಡೆಗೆ ತಿರುಗುತ್ತಾಳೆ. ಇದೇ ಅಂಚಿನಿಂದ ಎಷ್ಟು ನಾಯಕಿಯರನ್ನು ಸಿನಿಮಾ ಕೆಳಗೆ ತಳ್ಳಿತ್ತೋ ಅಷ್ಟಕ್ಕೂ ಆ ಒಂದು ಹೆಜ್ಜೆ ಉತ್ತರ.

‘ಫೈರ್’ (1996) ಎಬ್ಬಿಸಿದ ಗದ್ದಲ ದೊಡ್ಡದು, ಆದರೆ ಅದು ಮದುವೆಯಾದ ಹೆಂಗಸರ ಕಥೆ. ಹಿಂದಿಯ ‘ಮೈ ಬ್ರದರ್ ನಿಖಿಲ್’ (2005), ‘ಅಲಿಗಢ್’ (2015), ‘ಬಧಾಯಿ ದೋ’ (2022) ಎಲ್ಲವೂ ದೊಡ್ಡವರವೇ. ‘ಏಕ್ ಲಡ್ಕಿ ಕೋ ದೇಖಾ ತೊ ಐಸಾ ಲಗಾ’ (2019) ಚಿತ್ರದಲ್ಲಿ ನಾಯಕಿ ಸ್ವೀಟಿಯ ಶಾಲೆಯ ದಿನಗಳು ಕೆಲವು ನಿಮಿಷ ಬರುತ್ತವೆ: ಬರೆದಿಟ್ಟುಕೊಂಡ ಗುಟ್ಟು, ಗೇಲಿ, ಒಂಟಿತನ. ಆ ಕೆಲವು ನಿಮಿಷಗಳೇ ಇಡೀ ಚಿತ್ರದ ನಿಜವಾದ ಭಾಗ.

ಭಾರತೀಯ ಚಿತ್ರಗಳಲ್ಲಿ ಸಲಿಂಗಿ ಹರೆಯ ಹೀಗೆ ನೆನಪಾಗಿ ಮಾತ್ರ ಇಣುಕುವುದಕ್ಕೆ ಕಾನೂನಿನ ನೆರಳೂ ಇದೆ. 1860ರ ದಂಡ ಸಂಹಿತೆಯ 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರ ಡಿಸೆಂಬರಿನಲ್ಲಿ ಮತ್ತೆ ಬಿಗಿಮಾಡಿತು, 2018ರ ಸೆಪ್ಟೆಂಬರ್ 6ರಂದು ಒಪ್ಪಿತ ವಯಸ್ಕರ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿತು. ಈ ಬಿಡುಗಡೆ ವಯಸ್ಕರದು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಮಕ್ಕಳ ರಕ್ಷಣೆಗೆ ಅದು ಬೇಕೇಬೇಕು. ಆದರೆ ಹದಿಹರೆಯದ ಪ್ರೀತಿಯನ್ನು ಮೈಯ ಮಾತಿಲ್ಲದೆ, ನೋಟ, ಪತ್ರ, ಮೌನಗಳಲ್ಲಿ ಹೇಳುವ ಕಸುಬು ಗೊತ್ತಿಲ್ಲದ ನಿರ್ದೇಶಕರು ವಿಷಯವನ್ನೇ ಕೈಬಿಟ್ಟು ಪಾತ್ರವನ್ನು ಇಪ್ಪತ್ತೈದಕ್ಕೆ ಏರಿಸಿಬಿಡುತ್ತಾರೆ. ಪ್ರಮಾಣಪತ್ರದ ತೊಡಕು ಇನ್ನೊಂದು. ‘ಎ’ ಮುದ್ರೆ ಬಿದ್ದರೆ ಹದಿನಾರರ ಹುಡುಗನ ಕಥೆಯನ್ನು ಹದಿನಾರರ ಹುಡುಗ ಚಿತ್ರಮಂದಿರದಲ್ಲಿ ನೋಡುವಂತಿಲ್ಲ. 2024ರ ಕೊನೆಯಲ್ಲಿ ‘ಯು/ಎ’ ವರ್ಗವನ್ನು 7, 13, 16 ವಯಸ್ಸುಗಳಿಗೆ ತಕ್ಕಂತೆ ಒಡೆದಿರುವುದರಿಂದ ಮುಂದೆ ದಾರಿ ಸ್ವಲ್ಪ ಅಗಲವಾಗಬಹುದು.

ಕನ್ನಡ ಚಿತ್ರರಂಗಕ್ಕೆ ಮಕ್ಕಳು ಬೆಳೆಯುವ ಕಥೆ ಹೊಸತಲ್ಲ. ‘ಘಟಶ್ರಾದ್ಧ’ದಲ್ಲಿ (1977) ದೊಡ್ಡವರ ಕ್ರೌರ್ಯವನ್ನು ಪುಟ್ಟ ಹುಡುಗನ ಕಣ್ಣು ಕಂಡಿತು. ‘ಬೆಟ್ಟದ ಹೂವು’ (1985), ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994) ಬಡ ಮಕ್ಕಳ ಆಸೆಗಳನ್ನು ಹೇಳಿದವು. ಮೀಸೆ ಚಿಗುರಿದ ಕೂಡಲೇ ಮಾತ್ರ ಈ ಪರಂಪರೆ ‘ಪ್ರೇಮಲೋಕ’ದ (1987) ದಾರಿ ಹಿಡಿಯುತ್ತದೆ: ಹುಡುಗ ಹುಡುಗಿಯ ಹಿಂದೆ ಬೀಳುವುದೇ ಹರೆಯ. ಬಳುಕಿ ನಡೆಯುವ ಗಂಡಸು ಹಾಸ್ಯದ ತುಣುಕಿಗೆ ಬರುತ್ತಾನೆ, ನಗಿಸಿ ಹೋಗುತ್ತಾನೆ. ಅವನಿಗೆ ಮನೆ, ತಾಯಿ, ಶಾಲೆ ಇದ್ದವೆಂದು ಯಾರೂ ಕೇಳಿಲ್ಲ. ವಿಚಿತ್ರವೆಂದರೆ ಇದೇ ಬಳುಕಿಗೆ ನಮ್ಮ ರಂಗಭೂಮಿ ಚಪ್ಪಾಳೆ ತಟ್ಟಿತ್ತು. ನಟಿಯರು ಬರುವ ಮೊದಲು ವೃತ್ತಿ ಕಂಪನಿಗಳಲ್ಲಿ ಹೆಣ್ಣುಪಾತ್ರಗಳನ್ನು ಮಾಡುತ್ತಿದ್ದವರು ಹುಡುಗರು. ರಾಜ್‌ಕುಮಾರ್ ಅವರ ತಂದೆ, ಈ ಸೀಮೆಯ ಸಿಂಗಾನಲ್ಲೂರಿನ ಹೆಸರು ಹೊತ್ತ ಪುಟ್ಟಸ್ವಾಮಯ್ಯ ಬದುಕಿದ್ದು ಅಂಥ ಕಂಪನಿ ನಾಟಕಗಳ ಲೋಕದಲ್ಲೇ. ಸೀರೆಯುಟ್ಟ ಹುಡುಗ ರಂಗದ ಮೇಲೆ ಕಲಾವಿದ, ತೆರೆಗೆ ಬಂದಾಗ ನಗೆಪಾಟಲು.

ಆ ನಗೆಯನ್ನು ನಿಲ್ಲಿಸಿದ ಚಿತ್ರ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ (2015). ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ತಮಿಳ್ ಸೆಲ್ವಿ ಕನ್ನಡಕ್ಕೆ ತಂದಿದ್ದರು, ಚಿತ್ರಕ್ಕೆ ಅದೇ ಆಧಾರ. 1956ರವರೆಗೆ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ, ಎರಡೂ ಭಾಷೆ ಆಡುವ ಕೊಳ್ಳೇಗಾಲಕ್ಕೆ ಕಥೆಯ ಈ ಪ್ರಯಾಣ ಪರಕೀಯವೇನಲ್ಲ. ಕನ್ನಡ ಚಿತ್ರದ ನಾಯಕನಿಗೆ ಹುಟ್ಟಿನಲ್ಲಿಟ್ಟ ಹೆಸರು ಮಾದೇಶ. ಮಲೆ ಮಹದೇಶ್ವರನ ಒಕ್ಕಲಿನ ಮನೆಗಳಲ್ಲಿ ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುವಂಥ ಹೆಸರು ಅದು. ಅಕ್ಕನ ಬಟ್ಟೆಯ ಮೇಲಿನ ಆಸೆ, ಅಪ್ಪನ ಸಿಟ್ಟು, ಓದಿನ ನಡುವೆ ಕಾಡುವ ಅವಮಾನ, ಕಡೆಗೆ ಊರು ಬಿಟ್ಟು ವಿದ್ಯಾಳಾಗುವುದು: ಸಂಚಾರಿ ವಿಜಯ್ ಈ ಪಾತ್ರವನ್ನು ಹೊಕ್ಕ ರೀತಿಗೆ 62ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ನಟ ಗೌರವ ಸಂದಿತು. ಪ್ರಸಾಧನಕ್ಕೂ ಪ್ರಶಸ್ತಿ ಬಂತು. 2021ರ ಜೂನ್‌ನಲ್ಲಿ ರಸ್ತೆ ಅಪಘಾತಕ್ಕೆ ಬಲಿಯಾದ ವಿಜಯ್ ಅವರನ್ನು ನಾಡು ನೆನೆಯುವುದು ಈ ಪಾತ್ರದಿಂದಲೇ.

ಆದರೂ ಇದನ್ನು ಸಲಿಂಗಿ ಹುಡುಗನ ಕಥೆ ಎಂದು ಓದುವುದು ತಪ್ಪು. ಮಾದೇಶನ ಪ್ರಶ್ನೆ ತಾನು ಗಂಡೋ ಹೆಣ್ಣೋ ಎಂಬುದು. ಸಲಿಂಗಿ ಹುಡುಗನಿಗೆ ತಾನು ಗಂಡೆಂಬುದರಲ್ಲಿ ಅನುಮಾನವಿಲ್ಲ, ಅವನ ಮನಸ್ಸು ಗಂಡಿನ ಕಡೆಗಿದೆ, ಅಷ್ಟೆ. ಎರಡನ್ನೂ ಒಂದೇ ಗಂಟಿಗೆ ಕಟ್ಟುವ ಅಭ್ಯಾಸ ಚಿತ್ರರಂಗದಲ್ಲೂ ಊರಿನ ಕಟ್ಟೆಯಲ್ಲೂ ಇದೆ. ಅದರಿಂದ ಗಂಡುಗಂಡಾಗಿಯೇ ನಡೆದಾಡುವ ಸಲಿಂಗಿ ಹುಡುಗ ಲೆಕ್ಕಕ್ಕೇ ಬರದೆ ಹೋಗುತ್ತಾನೆ. ಆ ಹುಡುಗನನ್ನು ಕನ್ನಡದಲ್ಲಿ ಕಂಡದ್ದು ಸಿನಿಮಾ ಅಲ್ಲ, ಸಾಹಿತ್ಯ. ಸಂಡೂರಿನ ವಸುಧೇಂದ್ರ ಅವರ ‘ಮೋಹನಸ್ವಾಮಿ’ (2013) ಕಥೆಗಳಲ್ಲಿ ಸಣ್ಣ ಊರಿನ ಹುಡುಗನ ಬಾಲ್ಯ, ಗೇಲಿ, ಗೆಳೆಯನ ಮದುವೆಯ ನೋವು, ನಗರದ ಒಂಟಿತನ ಎಲ್ಲವೂ ಇವೆ. ಶೈಲಜಾ ಪಡಿಂದಲ ಅವರ ‘ನಾನು ಲೇಡೀಸ್’ ಕನ್ನಡದಲ್ಲಿ ಹೆಣ್ಣು ಹೆಣ್ಣಿನ ಪ್ರೀತಿಯನ್ನು ನೇರವಾಗಿ ಹೇಳಿದ ಚಿತ್ರ, ಆದರೆ ಅದೂ ವಯಸ್ಕರದೇ.

ಭೂಗೋಳದಲ್ಲಿ ಈ ಸೀಮೆಗೆ ಹತ್ತಿರ ಬಂದದ್ದು ಶ್ರೀಧರ್ ರಂಗಾಯಣ್ ಅವರ ಹಿಂದಿ ಚಿತ್ರ ‘ಈವ್ನಿಂಗ್ ಶ್ಯಾಡೋಸ್’ (2018). ಮುಂಬಯಿಯ ಕಾಶಿಶ್ ಚಿತ್ರೋತ್ಸವವನ್ನು 2010ರಲ್ಲಿ ಆರಂಭಿಸಿದ ಈ ನಿರ್ದೇಶಕರು ಶ್ರೀರಂಗಪಟ್ಟಣದ ಸುತ್ತ, ಕಾವೇರಿಯ ದಡದಲ್ಲಿ ಚಿತ್ರೀಕರಿಸಿದರು. ಮುಂಬಯಿಯಿಂದ ಬಂದ ಕಾರ್ತಿಕ್ ತಾಯಿ ವಸುಧಾಳಿಗೆ ನಿಜ ಹೇಳುತ್ತಾನೆ. ಅಲ್ಲಿಂದಾಚೆಗೆ ಕಥೆ ಮಗನದಲ್ಲ, ತಾಯಿಯದು. ಗಂಡನ ಮಾತು ಮೀರದೆ ಬದುಕಿದ ಹೆಂಗಸು ಮಗನ ಗುಟ್ಟನ್ನು ಹೊತ್ತುಕೊಂಡು ಮೊದಲ ಸಲ ತನ್ನ ಬಾಳನ್ನೂ ಪ್ರಶ್ನಿಸತೊಡಗುತ್ತಾಳೆ. ಮೋನಾ ಅಂಬೇಗಾಂವ್‌ಕರ್ ಅಭಿನಯ ಇದನ್ನು ನಂಬಿಸುತ್ತದೆ. ಸತಿಯ ನಡತೆಯನ್ನು ವಿಧಿಸುವ ‘ಹದಿಬದೆಯ ಧರ್ಮ’ವನ್ನು ಬರೆಯುತ್ತಲೇ ಹೆಣ್ಣನ್ನು ಕೀಳಾಗಿ ಕಾಣುವವರನ್ನು ತರಾಟೆಗೆ ತೆಗೆದುಕೊಂಡವಳು ಯಳಂದೂರಿನ ಸಂಚಿ ಹೊನ್ನಮ್ಮ. ವಸುಧಾಳ ಇಕ್ಕಟ್ಟು ಈ ನೆಲಕ್ಕೆ ತೀರ ಅಪರಿಚಿತವಲ್ಲ. ಆದರೆ ಇಲ್ಲೂ ಮಗ ಹರೆಯ ದಾಟಿದವನು, ನಗರ ಸೇರಿ ಧೈರ್ಯ ಗಳಿಸಿದವನು. ಅವನು ಆ ಊರಲ್ಲಿ ಹದಿನೈದರಲ್ಲಿ ಹೇಗಿದ್ದ ಎಂಬುದು ತೆರೆಯ ಹೊರಗೇ ಉಳಿಯಿತು.

ಊರು ಬಿಡದ ಕಥೆಗೆ ಮಾದರಿ ಬೇಕಾದರೆ ಈ ಸೀಮೆಯ ಹಾಡುಗಬ್ಬಗಳತ್ತ ನೋಡಬಹುದು. ನೀಲಗಾರರು ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ನಿಡಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರು ಒಪ್ಪುವುದಿಲ್ಲ. ಹುಡುಗ ಕುಲದ ಕಸುಬು, ಮನೆ, ಬಂಧುಗಳನ್ನೆಲ್ಲ ಬಿಟ್ಟು ಹೊರಡುತ್ತಾನೆ, ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗಿ ಪವಾಡಗಳನ್ನು ಗೆದ್ದು ಸಿದ್ದಪ್ಪಾಜಿಯಾಗಿ ಚಿಕ್ಕಲ್ಲೂರಿನಲ್ಲಿ ನೆಲೆಯಾಗುತ್ತಾನೆ. ಈ ಕಥೆಗೆ ಲೈಂಗಿಕತೆಯ ಬಣ್ಣ ಬಳಿಯುವುದು ಅನ್ಯಾಯ, ಅದರ ಅಗತ್ಯವೂ ಇಲ್ಲ. ಕಥೆ ಕಟ್ಟುವವರಿಗೆ ಕಲಿಯಲು ಅದರಲ್ಲಿ ಇರುವುದು ಬೇರೆ. ಹೆತ್ತವರು ಬಯಸಿದ ಬಾಳನ್ನು ಒಲ್ಲದ ಹುಡುಗ ದೂರದ ನಗರಕ್ಕೆ ಹೋಗಿ ಮರೆಯಾಗುವುದಿಲ್ಲ. ಒಂದೆರಡು ದಿನದ ನಡಿಗೆಯ ಅಂತರದಲ್ಲಿ, ಅದೇ ಸೀಮೆಯಲ್ಲಿ, ಅದೇ ಜನರ ನಡುವೆ ನೆಲೆ ಕಂಡುಕೊಳ್ಳುತ್ತಾನೆ. ಪ್ರತಿವರ್ಷ ಬನದ ಹುಣ್ಣಿಮೆಯ ಜಾತ್ರೆಗೆ ಆ ಜನರೇ ಅವನ ಬಳಿಗೆ ಬರುತ್ತಾರೆ.

ಇತ್ತೀಚಿನ ಭಾರತೀಯ ಚಿತ್ರಗಳಲ್ಲಿ ಇಂಥ ನೆಲಕ್ಕೆ ಮರಳಿದ್ದು ರೋಹನ್ ಪರಶುರಾಮ್ ಕಾನವಡೆ ಅವರ ಮರಾಠಿ ಚಿತ್ರ ‘ಸಾಬರ್ ಬೋಂಡ’. 2025ರ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಸಿನಿಮಾ ವಿಭಾಗದ ಗ್ರ್ಯಾಂಡ್ ಜ್ಯೂರಿ ಪ್ರಶಸ್ತಿ ಪಡೆದ ಇದರಲ್ಲಿ ಮುಂಬಯಿಯ ಆನಂದ್ ತಂದೆಯ ಸಾವಿನ ಸೂತಕ ಕಳೆಯಲು ಹತ್ತು ದಿನ ಹಳ್ಳಿಯಲ್ಲಿ ಉಳಿಯುತ್ತಾನೆ. ಮದುವೆಯ ಒತ್ತಾಯಕ್ಕೆ ಮಣಿಯದೆ ಆಡು ಮೇಯಿಸಿಕೊಂಡು ಅಲ್ಲೇ ಬದುಕಿರುವ ಬಾಲ್ಯದ ಗೆಳೆಯ ಬಾಳ್ಯಾ ಮತ್ತೆ ಸಿಗುತ್ತಾನೆ. ಗೇಲಿಯಿಲ್ಲ, ಸಾವಿನ ಬೆದರಿಕೆಯಿಲ್ಲ, ಇರುವುದು ನೆಂಟರ ಪಿಸುಮಾತು ಮತ್ತು ಬಿಸಿಲು. ಇಬ್ಬರೂ ಮೂವತ್ತರ ಆಸುಪಾಸಿನವರು. ಅವರ ಹದಿಹರೆಯವನ್ನು ಚಿತ್ರ ಮಾತಿನ ನಡುವೆ ಸೂಚಿಸುತ್ತದೆಯೇ ಹೊರತು ತೋರಿಸುವುದಿಲ್ಲ. ಹಳ್ಳಿಯಲ್ಲೇ ಉಳಿದ ಬಾಳ್ಯಾ ಹದಿನಾರರಿಂದ ಮೂವತ್ತರವರೆಗೆ ಹೇಗೆ ದಾಟಿದ ಎಂಬುದು ಬೇರೊಂದು ಚಿತ್ರಕ್ಕಾಗುವಷ್ಟು ಸರಕು. ಅಂಥ ಚಿತ್ರ ಹನೂರಿನ ಬಸ್ ನಿಲ್ದಾಣದಲ್ಲಿ, ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಕಾಲೇಜಿನಲ್ಲಿ ನಡೆಯಬಹುದಾದರೆ ಅದಕ್ಕೆ ಬೇಕಾದದ್ದು ದೊಡ್ಡ ತಾರೆಯಲ್ಲ. ಮೇಷ್ಟರು, ತಾಯಿ, ಗೆಳೆಯ ಮೂವರಿಗೂ ಪೂರ್ತಿ ಮಾತು ಬರೆದುಕೊಡುವ, ಈ ಸೀಮೆಯ ಕನ್ನಡ ಬಲ್ಲ ಒಬ್ಬ ಚಿತ್ರಕಥೆಗಾರ.